ಟಾರ್ಕ್ ಬಲವಲ್ಲ

ಟಾರ್ಕ್ ಎಂದರೇನೆಂದು ಕೇಳಿದರೆ ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ‘ವಸ್ತುವನ್ನು ತಿರುಗಿಸುವ ಬಲವೇ ಟಾರ್ಕ್’ ಎಂದು ಒಂದೇ ಉಸಿರಿನಲ್ಲಿ ಉತ್ತರ ಕೊಡುವರು. ಉತ್ತರ ಚಿಕ್ಕದು, ಬಾಯಿಪಾಠಕ್ಕೆ ಸುಲಭ, ಪರೀಕ್ಷೆಯಲ್ಲಿ ಅಂಕವನ್ನೂ ತರುವಂಥದು. ಆದರೆ ಅದು ತಪ್ಪು. ಬರಿಯ ಮಾತಿನ ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ; ಅದನ್ನು ನಂಬಿದವನು ಭೌತಶಾಸ್ತ್ರದ ಹಾದಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದರೊಳಗಾಗಿ ಎಡವುವನು. ಟಾರ್ಕ್ ಬಲದಿಂದ ಹುಟ್ಟುವುದು ನಿಜ. ಆದರೆ ಅದು ಬಲವಲ್ಲ, ಬಲದ ಒಂದು ಜಾತಿಯೂ ಅಲ್ಲ. ಕನ್ನಡದಲ್ಲಿ ಶಾಸ್ತ್ರವನ್ನು ಕಲಿಯುವ ನಾವು ಈ ಭೇದವನ್ನು ಇತರರಿಗಿಂತ ಒಂದು ಕೈ ಹೆಚ್ಚಿನ ಎಚ್ಚರದಿಂದ ನೋಡಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುವೆನು. ಮೊದಲು ಭೇದವೇನೆಂಬುದನ್ನು ನೋಡೋಣ.

ಪಾಠದ ಕೋಣೆಯ ಬಾಗಿಲು ಬಿಜಾಗರಿಗಳ ಮೇಲೆ ತಿರುಗುವುದಷ್ಟೆ. ಅದರ ಹಿಡಿಕೆ ಬಿಜಾಗರಿಯಿಂದ ೭೫ ಸೆಂಟಿಮೀಟರು ದೂರದಲ್ಲಿದೆಯೆಂದೂ, ಅಲ್ಲಿ ೨೦ ನ್ಯೂಟನ್ ಬಲದಿಂದ, ಎಂದರೆ ಸುಮಾರು ಎರಡು ಕಿಲೋಗ್ರಾಂ ತೂಕವನ್ನು ಎತ್ತಿ ಹಿಡಿಯುವಷ್ಟು ಬಲದಿಂದ, ನೇರವಾಗಿ ದೂಡಿದರೆ ಬಾಗಿಲು ತೆರೆಯುವುದೆಂದೂ ಇಟ್ಟುಕೊಳ್ಳಿರಿ. ಬಲವನ್ನು ದೂರದಿಂದ ಗುಣಿಸಿದರೆ ೧೫ ನ್ಯೂಟನ್-ಮೀಟರು ಬರುವುದು. ಆ ಬಾಗಿಲಿಗೆ ಬೇಕಾದ ಟಾರ್ಕ್ ಇದೇ. ಈಗ ಹಿಡಿಕೆಯನ್ನು ಬಿಟ್ಟು, ಬಿಜಾಗರಿಯಿಂದ ೧೦ ಸೆಂಟಿಮೀಟರಿನಲ್ಲಿ ಕೈಯಿಟ್ಟು ದೂಡಿರಿ. ಅದೇ ೧೫ ಬರಬೇಕಾದರೆ ೧೫೦ ನ್ಯೂಟನ್ ಬೇಕು. ಚಿಕ್ಕ ಹುಡುಗನೊಬ್ಬನು ಏದುಸಿರು ಬಿಡುವಷ್ಟು ಬಲ ಅದು. ಇನ್ನು ಬಿಜಾಗರಿಯ ಮೇಲೆಯೇ ಕೈಯಿಟ್ಟು ಗರಡಿಯ ಪೈಲವಾನನೇ ದೂಡಿದರೂ ಬಾಗಿಲು ಅಲುಗದು. ಪೈಲವಾನನ ಬಲವೇನೂ ಸುಳ್ಳಲ್ಲ. ಬಿಜಾಗರಿಯ ತಿರುಪುಗಳಿಗೆ ಬಾಯಿದ್ದರೆ ಅವು ಹೇಳುತ್ತಿದ್ದುವು. ಅಲ್ಲಿ ಬಲ ಬೇಕಾದಷ್ಟು ಇದೆ, ಟಾರ್ಕ್ ಮಾತ್ರ ಇಲ್ಲ. ಟಾರ್ಕ್ ಎಂಬುದು ಬಲದ ಒಂದು ಜಾತಿಯೇ ಆಗಿದ್ದರೆ ಬಲ ಹೆಚ್ಚಿದಂತೆ ಅದೂ ಹೆಚ್ಚಬೇಕಾಗಿತ್ತಲ್ಲವೆ?

ಬಲವನ್ನು ಕುರಿತು ನಾವು ಎರಡು ಪ್ರಶ್ನೆ ಕೇಳುವೆವು: ಎಷ್ಟು? ಯಾವ ದಿಕ್ಕಿಗೆ? ಟಾರ್ಕನ್ನು ಕುರಿತು ಇವಲ್ಲದೆ ಇನ್ನೊಂದನ್ನು ಕೇಳಲೇಬೇಕು: ಯಾವ ಬಿಂದುವಿನ ಸುತ್ತ? ಹಿಡಿಕೆಯ ಮೇಲಿನ ೨೦ ನ್ಯೂಟನ್ ಬಲವನ್ನು ಯಾರು ಎಲ್ಲಿಂದ ಲೆಕ್ಕ ಮಾಡಿದರೂ ೨೦ ನ್ಯೂಟನ್ನೇ. ಆದರೆ ಅದರ ಟಾರ್ಕ್ ಬಿಜಾಗರಿಯ ಸುತ್ತ ೧೫, ಬಾಗಿಲಿನ ನಟ್ಟನಡುವಿನ ಒಂದು ಬಿಂದುವಿನ ಸುತ್ತ ಅದಕ್ಕಿಂತ ಕಡಿಮೆ, ಹಿಡಿಕೆಯ ಸುತ್ತ ಸೊನ್ನೆ. ಆದುದರಿಂದ ಬಿಂದುವನ್ನು ಹೇಳದೆ ಒಂದು ಬಲದ ‘ಟಾರ್ಕ್ ಇಷ್ಟು’ ಎಂದು ಹೇಳುವುದು, ಯಾವ ಊರಿನಿಂದ ಎಂದು ಹೇಳದೆ ‘ಇನ್ನೂರು ಮೈಲು ದೂರ’ ಎಂದು ಹೇಳಿದಂತೆ.

ಬಾಗಿಲಿನ ಉದಾಹರಣೆಯಲ್ಲಿ ನಾವು ಬಾಗಿಲಿಗೆ ನೇರವಾಗಿ ದೂಡಿದೆವು. ಓರೆಯಾಗಿ ದೂಡಿದರೆ ಏನಾಗುವುದೆಂಬುದನ್ನು ಸೈಕಲ್ಲು ಎಲ್ಲಕ್ಕಿಂತ ಚೆನ್ನಾಗಿ ಕಲಿಸುವುದು. ಪೆಡಲಿನ ತೋಳು ಸಾಮಾನ್ಯವಾಗಿ ೧೭ ಸೆಂಟಿಮೀಟರು ಉದ್ದವಿರುವುದು. ಸವಾರನು ತನ್ನ ಪಾದದಿಂದ ೩೦೦ ನ್ಯೂಟನ್ ಬಲವನ್ನು ನೇರ ಕೆಳಮುಖವಾಗಿ ಹಾಕುತ್ತಿರುವನು. ತೋಳು ಮುಂದಕ್ಕೆ ಚಾಚಿ ನೆಲಕ್ಕೆ ಸಮಾಂತರವಾಗಿ ನಿಂತಾಗ ಟಾರ್ಕ್ ೩೦೦ನ್ನು ೦.೧೭ರಿಂದ ಗುಣಿಸಿದಷ್ಟು, ಎಂದರೆ ೫೧ ನ್ಯೂಟನ್-ಮೀಟರು. ತೋಳು ಅರ್ಧ ಇಳಿದು ೪೫ ಅಂಶ ಓರೆಯಾದಾಗ ಅದು ೩೬ಕ್ಕೆ ಇಳಿಯುವುದು. ತೋಳು ನೆಟ್ಟಗೆ ಕೆಳಕ್ಕೆ ನಿಂತಿತೋ, ಟಾರ್ಕ್ ಸೊನ್ನೆ. ಪಾದ ಅದೇ, ಬಲ ಅದೇ ೩೦೦, ಬಲದ ದಿಕ್ಕೂ ಅದೇ. ಆದರೂ ಟಾರ್ಕ್ ೫೧ರಿಂದ ಸೊನ್ನೆಗೆ ಬಂದು ನಿಂತಿತು. ಬಲವು ಹಾಯ್ದುಹೋಗುವ ಗೆರೆಯನ್ನು ಉದ್ದಕ್ಕೆ ಎಳೆದು, ಅಚ್ಚಿನಿಂದ ಆ ಗೆರೆಗೆ ಇರುವ ಲಂಬದೂರವನ್ನು ಅಳೆದರೆ ಇದರ ಗುಟ್ಟು ತಿಳಿಯುವುದು. ಗುಣಿಸಬೇಕಾದದ್ದು ಆ ಲಂಬದೂರದಿಂದಲೇ ಹೊರತು ತೋಳಿನ ಉದ್ದದಿಂದಲ್ಲ. ದಿಬ್ಬವನ್ನೇರುವಾಗ ಪೆಡಲು ಕೆಳತುದಿಗೆ ಬಂದೊಡನೆ ಸೈಕಲ್ಲು ಒಮ್ಮೆ ಸೋತಂತಾಗುವುದು ನಿಮಗೆಲ್ಲ ಗೊತ್ತಿದ್ದುದೇ.

ಸೈಕಲ್ಲಿನಲ್ಲಿ ಇನ್ನೂ ಸ್ವಾರಸ್ಯವಾದ ಸಂಗತಿಯುಂಟು. ಮುಂದಿನ ಹಲ್ಲುಚಕ್ರಕ್ಕೆ ೪೪ ಹಲ್ಲು, ಹಿಂದಿನದಕ್ಕೆ ೧೮ ಹಲ್ಲು ಇರಲಿ. ಹಿಂದಿನ ಗಾಲಿಯ ತ್ರಿಜ್ಯ ೩೫ ಸೆಂಟಿಮೀಟರು ಇರಲಿ. ತಿಕ್ಕಾಟದ ನಷ್ಟವನ್ನು ಸದ್ಯಕ್ಕೆ ಮರೆತುಬಿಡೋಣ. ೪೪ ಹಲ್ಲಿನ ಚಕ್ರದ ತ್ರಿಜ್ಯ ಸುಮಾರು ೯ ಸೆಂಟಿಮೀಟರು. ಅದರ ಅಂಚಿನಲ್ಲಿ ಸರಪಳಿಯು ೫೧ ನ್ಯೂಟನ್-ಮೀಟರು ಟಾರ್ಕಿಗೆ ಸಮನಾಗಿ ಎಳೆಯಬೇಕಾದರೆ ಸರಪಳಿಯಲ್ಲಿ ಸುಮಾರು ೫೭೦ ನ್ಯೂಟನ್ ಬಿಗಿತ ಇರಬೇಕು. ಪಾದ ಹಾಕಿದ್ದು ೩೦೦, ಸರಪಳಿ ಎಳೆದದ್ದು ೫೭೦! ಈ ಸರಪಳಿಯೇ ಹಿಂದಿನ ಚಿಕ್ಕ ಚಕ್ರವನ್ನು ಅದೇ ಬಲದಿಂದ ಎಳೆಯುವುದು. ಆದರೆ ಅಲ್ಲಿ ತ್ರಿಜ್ಯ ಚಿಕ್ಕದಾದುದರಿಂದ ಟಾರ್ಕ್ ಸುಮಾರು ೨೧ಕ್ಕೆ ಇಳಿಯುವುದು. ಆ ೨೧ ನ್ಯೂಟನ್-ಮೀಟರು ೩೫ ಸೆಂಟಿಮೀಟರಿನ ಗಾಲಿಯ ಅಂಚಿಗೆ ಬಂದು ನೆಲವನ್ನು ತಳ್ಳುವಾಗ ಉಳಿಯುವ ಬಲ ೬೦ ನ್ಯೂಟನ್ ಮಾತ್ರ. ಪಾದದಲ್ಲಿ ೩೦೦, ಸರಪಳಿಯಲ್ಲಿ ೫೭೦, ನೆಲದಲ್ಲಿ ೬೦. ಬಲ ಒಂದು ಸಲ ಏರಿತು, ಒಂದು ಸಲ ಇಳಿಯಿತು. ಟಾರ್ಕಾದರೋ ಪೆಡಲಿನ ಅಚ್ಚಿನಲ್ಲಿ ೫೧, ಹಿಂದಿನ ಅಚ್ಚಿನಲ್ಲಿ ೨೧. ಬಲವನ್ನು ಟಾರ್ಕಾಗಿಯೂ ಟಾರ್ಕನ್ನು ಮರಳಿ ಬಲವಾಗಿಯೂ ಬದಲಾಯಿಸುವ ಕೆಲಸವನ್ನು ಒಂದೊಂದು ತ್ರಿಜ್ಯವೂ ತನ್ನ ತನ್ನ ಜಾಗದಲ್ಲಿ ನಡೆಸಿದೆ. ಎರಡೂ ಒಂದೇ ಎಂದು ತಿಳಿದವನು ಈ ಲೆಕ್ಕವನ್ನು ಎಲ್ಲಿಂದ ಪ್ರಾರಂಭಿಸುವನು?

ಹಾಗಾದರೆ ಉಳಿದ ೨೪೦ ನ್ಯೂಟನ್ ಎಲ್ಲಿ ಹೋಯಿತೆಂದು ಚುರುಕಿನ ಹುಡುಗರು ಕೇಳಬಹುದು. ಎಲ್ಲಿಯೂ ಹೋಗಲಿಲ್ಲ. ಪೆಡಲು ಒಂದು ಸುತ್ತು ತಿರುಗಿದಾಗ ಪಾದ ಕ್ರಮಿಸಿದ್ದು ಒಂದು ಮೀಟರಿಗಿಂತ ತುಸು ಹೆಚ್ಚು. ಸೈಕಲ್ಲು ಮುಂದೆ ಹೋದದ್ದು ಐದು ಮೀಟರಿಗೂ ಮೀರಿ. ಬಲ ಐದನೆಯ ಒಂದು ಪಾಲಾಯಿತು, ದೂರ ಐದು ಪಟ್ಟಾಯಿತು. ಕೆಲಸದ ಲೆಕ್ಕ ಸರಿಹೋಯಿತು.

ನಮ್ಮ ತೋಳಿನ ಕಥೆ ಇದಕ್ಕೆ ವಿರುದ್ಧವಾದುದು. ಮೊಣಕೈಯಿಂದ ೩೫ ಸೆಂಟಿಮೀಟರು ದೂರದ ಅಂಗೈಯಲ್ಲಿ ಒಂದು ಕಿಲೋಗ್ರಾಂ ಬೆಲ್ಲವನ್ನು ಇಟ್ಟುಕೊಂಡು ಮುಂಗೈಯನ್ನು ನೆಲಕ್ಕೆ ಸಮಾಂತರವಾಗಿ ಹಿಡಿಯಿರಿ. ಅದನ್ನು ಎತ್ತಿ ಹಿಡಿಯುವ ಸ್ನಾಯು ಮೊಣಕೈಯಿಂದ ಐದು ಸೆಂಟಿಮೀಟರಿನ ಆಸುಪಾಸಿನಲ್ಲಿ ಎಲುಬಿಗೆ ಅಂಟಿಕೊಂಡಿದೆ. ಕೈಯ ಸ್ವಂತ ತೂಕವನ್ನು ಬಿಟ್ಟರೂ, ಹತ್ತು ನ್ಯೂಟನ್ ತೂಕದ ಬೆಲ್ಲಕ್ಕಾಗಿ ಸ್ನಾಯು ಎಪ್ಪತ್ತು ನ್ಯೂಟನ್ ಎಳೆಯಬೇಕಾಗುವುದು. ಬೆಲ್ಲ ಒಂದೇ ಕಿಲೋ. ದಣಿವು ಏಳು ಕಿಲೋದ್ದು.

ಇಲ್ಲಿಯವರೆಗೆ ಬಲ ಇದ್ದೂ ಟಾರ್ಕ್ ಇಲ್ಲದ ಉದಾಹರಣೆಯನ್ನು ಕಂಡೆವು. ಬಲಗಳ ಮೊತ್ತ ಸೊನ್ನೆಯಾಗಿದ್ದೂ ಟಾರ್ಕ್ ಇರುವ ಉದಾಹರಣೆಯನ್ನು ಈಗ ನೋಡೋಣ. ಬಸ್ಸಿನ ಚಾಲಕನು ತನ್ನ ಮುಂದಿನ ದೊಡ್ಡ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ತಿರುಗಿಸುವನು. ಎಡಗೈ ೪೦ ನ್ಯೂಟನ್ ಬಲದಿಂದ ಮೇಲಕ್ಕೆ ದೂಡುವುದು, ಬಲಗೈ ೪೦ ನ್ಯೂಟನ್ ಬಲದಿಂದ ಕೆಳಕ್ಕೆ ಎಳೆಯುವುದು. ಕೂಡಿಸಿದರೆ ಬಲ ಸೊನ್ನೆ. ‘ಬಲವಿಲ್ಲ, ಆದುದರಿಂದ ಚಕ್ರ ತಿರುಗಬಾರದು’ ಎಂದು ಪುಸ್ತಕದ ಹುಡುಗನು ಹೇಳಿಯಾನು. ಬಸ್ಸು ಮಾತ್ರ ಅವನ ಮಾತನ್ನು ಕೇಳದೆ ತಿರುವಿನಲ್ಲಿ ಹೊರಳಿಹೋಗುವುದು. ಕೈಗಳ ನಡುವೆ ಅರ್ಧ ಮೀಟರು ಅಂತರವಿದ್ದರೆ ಟಾರ್ಕ್ ೨೦ ನ್ಯೂಟನ್-ಮೀಟರು. ಚಕ್ರದ ನಡುವಿನಿಂದ ಲೆಕ್ಕ ಹಾಕಿದರೂ ೨೦, ಎಡಗೈ ಇರುವಲ್ಲಿಂದ ಹಾಕಿದರೂ ೨೦. ಹಿಂದೆ ಹೇಳಿದ ‘ಯಾವ ಬಿಂದುವಿನ ಸುತ್ತ’ ಎಂಬ ಪ್ರಶ್ನೆಗೆ ಇದೊಂದೇ ಸುಂದರವಾದ ವಿನಾಯಿತಿ. ಇಂಥ ಬಲಯುಗ್ಮವನ್ನು ಪ್ರತ್ಯೇಕವಾದ ಒಂದು ವಸ್ತುವೆಂದು ಎತ್ತಿ ಹಿಡಿದವನು ಫ್ರಾನ್ಸಿನ ಲೂಯಿ ಪ್ವಾಂಸೊ; ೧೮೦೩ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಯುಗ್ಮಗಳ ಸಿದ್ಧಾಂತವನ್ನು ಮಂಡಿಸಿದನು. ಸನ್ನೆಗೋಲಿನ ಎರಡು ತೂಕಗಳ ಹೊಂದಾಣಿಕೆಯನ್ನು ಆರ್ಕಿಮಿಡೀಸನು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಸಾಧಿಸಿ ತೋರಿಸಿದ್ದನು. ಅಲ್ಲಿಂದ ಯುಗ್ಮದವರೆಗೆ ಬರಲು ಯುರೋಪಿನ ಪಂಡಿತರಿಗೆ ಎರಡು ಸಾವಿರ ವರ್ಷ ಹಿಡಿಯಿತೆಂಬುದನ್ನು ಕಂಡರೆ, ಒಂದು ವಾರದ ಪಾಠದಲ್ಲಿ ನಮ್ಮ ಹುಡುಗರಿಗೆ ಗೊಂದಲವಾಗುವುದು ಆಶ್ಚರ್ಯವಲ್ಲ.

ನಮ್ಮ ಅಜ್ಜಿಯರ ಬೀಸುವ ಕಲ್ಲಿನಲ್ಲಿ ಗೂಟವನ್ನು ಅಂಚಿನ ಬಳಿಯೇ ನೆಟ್ಟಿರುವರಲ್ಲ, ಆದುದರಿಂದ ನಮ್ಮ ಹಿರಿಯರಿಗೆ ಟಾರ್ಕ್ ತಿಳಿದಿತ್ತೆಂದು ಕೆಲವರು ಎದೆ ತಟ್ಟಿಕೊಳ್ಳುವುದುಂಟು. ಗೂಟವನ್ನು ಎಲ್ಲಿ ನೆಡಬೇಕೆಂಬುದು ಅವರಿಗೆ ತಿಳಿದಿತ್ತು. ಅದೇನೂ ಸಣ್ಣ ತಿಳಿವಲ್ಲ. ಆದರೆ ಕಲ್ಲುಕುಟಿಗನ ಅನುಭವ ಬೇರೆ, ನಿಯಮ ಬೇರೆ. ಒಂದರ ಗೌರವವನ್ನು ಇನ್ನೊಂದಕ್ಕೆ ಹೊರಿಸುವ ಅಗತ್ಯವಿಲ್ಲ.

ಬಲಕ್ಕೂ ಟಾರ್ಕಿಗೂ ಇರುವ ಭೇದವನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವುದು ಬುಗುರಿ. ನಗರದ ಗಲ್ಲಿಗಳಲ್ಲಿ ಬುಗುರಿಯಾಟ ಈಗ ವಿರಳ. ಆದರೂ ಅಂಗಡಿಯಲ್ಲಿ ಸಿಕ್ಕರೆ ಒಂದನ್ನು ಕೊಂಡು ತಂದು ಆಡಿಸಿ ನೋಡಿರಿ. ತಿರುಗದ ಬುಗುರಿಯನ್ನು ಓರೆಯಾಗಿ ನಿಲ್ಲಿಸಿದರೆ ಅದು ಕ್ಷಣದಲ್ಲಿ ಬೀಳುವುದು. ರಭಸದಿಂದ ತಿರುಗುವ ಬುಗುರಿ ಓರೆಯಾಗಿದ್ದರೂ ಬೀಳದೆ, ತನ್ನ ತಲೆಯನ್ನು ಮೆಲ್ಲಗೆ ಸುತ್ತಲೂ ಆಡಿಸುತ್ತ ನಿಲ್ಲುವುದು. ಎರಡರ ತೂಕವೂ ಒಂದೇ, ತೂಕದ ದಿಕ್ಕೂ ಒಂದೇ: ನೇರ ಕೆಳಕ್ಕೆ. ತೂಕವೇ ಎಲ್ಲವನ್ನೂ ನಿಶ್ಚಯಿಸುವುದಾಗಿದ್ದರೆ ತಿರುಗುವ ಬುಗುರಿಯೂ ಕೆಳಕ್ಕೇ ಹೋಗಬೇಕಾಗಿತ್ತು. ಅದು ಪಕ್ಕಕ್ಕೆ ಏಕೆ ಹೋಗುವುದು? ಮೊಳೆಯ ತುದಿಯ ಸುತ್ತ ಆ ತೂಕ ಹುಟ್ಟಿಸುವ ಟಾರ್ಕಿನ ದಿಕ್ಕು ಕೆಳಕ್ಕಲ್ಲ, ಅಡ್ಡಕ್ಕೆ. ಟಾರ್ಕಿನ ದಿಕ್ಕು ಬಲಕ್ಕೂ ಲಂಬ, ತುದಿಯಿಂದ ಬಲದ ಜಾಗಕ್ಕೆ ಎಳೆದ ಗೆರೆಗೂ ಲಂಬ. ತಿರುಗುವ ಬುಗುರಿಯಲ್ಲಿ ಅದರ ಅಚ್ಚಿನುದ್ದಕ್ಕೂ ಕೋನೀಯ ಸಂವೇಗ ಮೊದಲೇ ತುಂಬಿದೆ. ಟಾರ್ಕ್ ಈ ಸಂವೇಗವನ್ನು ತನ್ನ ದಿಕ್ಕಿನ ಕಡೆಗೆ ವಾಲಿಸುವುದು. ಅಂತೆಯೇ ಅಚ್ಚು ಅಡ್ಡಕ್ಕೆ ಸರಿಯುತ್ತ ಹೋಗುವುದು. ಬುಗುರಿಯ ವೇಗ ಕುಂದಿದಂತೆ ಈ ತಲೆಯಾಟ ಬೇಗಬೇಗನೆ ಆಗತೊಡಗುವುದನ್ನು ಗಮನಿಸಿರಿ; ಸಂವೇಗ ಕಡಿಮೆಯಾದಷ್ಟೂ ಅದೇ ಟಾರ್ಕಿಗೆ ಅದನ್ನು ಹೊರಳಿಸುವುದು ಸುಲಭ. ಬಲಗಳ ಮೊತ್ತ ವಸ್ತುವನ್ನು ಒಟ್ಟಾಗಿ ಎತ್ತ ಒಯ್ಯುವುದು, ಟಾರ್ಕುಗಳ ಮೊತ್ತ ಅದನ್ನು ಹೇಗೆ ತಿರುಗಿಸುವುದು ಎಂಬ ಎರಡು ನಿಯಮಗಳನ್ನು ಲಿಯೊನಾರ್ಡ್ ಆಯ್ಲರನು ೧೭೭೫ರಲ್ಲಿ ಅಕ್ಕಪಕ್ಕದಲ್ಲಿ ಇಟ್ಟನು. ಒಂದೇ ಸಾಕಾಗಿದ್ದರೆ ಆ ಮಹಾಗಣಿತಜ್ಞನು ಎರಡನ್ನು ಬರೆಯುತ್ತಿರಲಿಲ್ಲ.

ಈಗ ಕನ್ನಡದ ಮಾತಿಗೆ ಬರೋಣ. ಆಯ್ಲರನ ಕಾಲದಲ್ಲಿ ಟಾರ್ಕ್ ಎಂಬ ಶಬ್ದವೇ ಇರಲಿಲ್ಲ. ಲಾರ್ಡ್ ಕೆಲ್ವಿನ್ನನ ಅಣ್ಣನೂ ಗ್ಲಾಸ್ಗೋದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕನೂ ಆಗಿದ್ದ ಜೇಮ್ಸ್ ಥಾಮ್ಸನ್ನನು ೧೮೮೪ರಲ್ಲಿ ಅದನ್ನು ಸೂಚಿಸಿದನು. ತಿರುಚು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಅದು ಬಂದಿದೆ. ಆ ಹೆಸರಿನಲ್ಲಿ ಬಲವೆಂಬ ಅರ್ಥದ ಪದ ಎಲ್ಲಿಯೂ ಇಲ್ಲವೆಂಬುದನ್ನು ನೋಡಿರಿ. ನಮ್ಮಲ್ಲಿಯಾದರೋ ಇದನ್ನು ‘ತಿರುಗುಬಲ’ ಎಂದೋ ‘ತಿರುಚುಬಲ’ ಎಂದೋ ಹೇಳುವ ರೂಢಿ ಕೆಲವರಲ್ಲಿದೆ. ಕಿವಿಗೆ ಇಂಪಾದ ಅಚ್ಚುಕಟ್ಟಾದ ಸಮಾಸಗಳೇನೋ ಹೌದು. ಆದರೆ ಕನ್ನಡದಲ್ಲಿ ಸಮಾಸದ ಉತ್ತರಪದವೇ ಬಹುಮಟ್ಟಿಗೆ ಯಜಮಾನ. ಹೆಬ್ಬಾಗಿಲು ಒಂದು ಬಾಗಿಲು, ಕೆಂದಾವರೆ ಒಂದು ತಾವರೆ. ಹಾಗೆಯೇ ತಿರುಗುಬಲ ಒಂದು ಬಲವೆಂದು ಹುಡುಗನು ತಿಳಿದರೆ ಅವನ ತಪ್ಪೇನು? ವ್ಯಾಕರಣವೇ ಅವನನ್ನು ಅಡ್ಡದಾರಿಗೆ ಎಳೆಯಿತು. ಬೇರೆ ಭಾಷೆಯಲ್ಲಿ ಓದುವವನಿಗೆ ಪಾರಿಭಾಷಿಕ ಪದ ಬಹುಶಃ ಅರ್ಥವಿಲ್ಲದ ಒಂದು ಗುರುತು ಮಾತ್ರ. ತಾಯ್ನುಡಿಯಲ್ಲಿ ಓದುವವನಿಗೆ ಪ್ರತಿ ಪದವೂ ಮಾತನಾಡುವುದು. ಇದು ನಮ್ಮ ದೊಡ್ಡ ಅನುಕೂಲ. ಪದ ಸುಳ್ಳಾಡಿದಾಗ ಇದೇ ನಮ್ಮ ಅನನುಕೂಲ. ಹೆಚ್ಚಿನ ಎಚ್ಚರ ಬೇಕೆಂದು ಆರಂಭದಲ್ಲಿ ಹೇಳಿದ್ದು ಈ ಕಾರಣದಿಂದ.

ಬದಲಿಗೆ ಏನೆನ್ನಬೇಕು? ‘ಭ್ರಾಮಕ’ ಎಂಬ ಸಂಸ್ಕೃತ ಪದವೊಂದುಂಟು. ಭ್ರಮಣ ಉಂಟುಮಾಡುವುದು ಎಂದು ಅರ್ಥ. ಶಾಸ್ತ್ರಕ್ಕೆ ಒಪ್ಪುವ ಹೆಸರೇ. ಆದರೆ ಭ್ರಾಮಕವೆಂದರೆ ಭ್ರಮೆ ಹುಟ್ಟಿಸುವುದೆಂಬ ಅರ್ಥವೂ ಇರುವುದರಿಂದ, ಈಗಾಗಲೇ ಭ್ರಮೆ ತುಂಬಿದ ಪಾಠಕ್ಕೆ ಅದನ್ನು ತರಲು ನನಗೆ ಮನಸ್ಸಿಲ್ಲ. ಬಸ್ಸು, ಸೈಕಲ್ಲು, ನಟ್ಟು, ಬೋಲ್ಟು ಕನ್ನಡದ ಮನೆಯೊಳಗೆ ಬಂದು ಕುಳಿತಿರುವಾಗ ಟಾರ್ಕ್ ಒಂದನ್ನು ಹೊಸ್ತಿಲಲ್ಲಿ ತಡೆಯಬೇಕಾಗಿಲ್ಲ. ‘ಇದು ಭಾಷಾಭಿಮಾನಕ್ಕೆ ಕುಂದು’ ಎಂದು ಆಕ್ಷೇಪಿಸುವವರು ಇರಬಹುದು. ತಪ್ಪು ಅರ್ಥ ಕೊಡುವ ಕನ್ನಡ ಪದಕ್ಕಿಂತ ಸರಿ ಅರ್ಥವನ್ನು ತುಂಬಿಕೊಳ್ಳುವ ಎರವಲು ಪದ ಕನ್ನಡಕ್ಕೇ ಹೆಚ್ಚು ಹಿತ.

‘ಹೆಸರು ಏನಾದರೂ ಇರಲಿ, ಸೂತ್ರದಲ್ಲಿ ಗುಣಾಕಾರ ಸರಿಬಂದರೆ ಸಾಕಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸ್ವಲ್ಪ ಸತ್ಯವಿದೆ. ಮೆಟ್ರಿಕ್ ಪರೀಕ್ಷೆಯ ಮಟ್ಟಿಗೆ ಸಾಕಾಗುವುದು. ಆದರೆ ನಮ್ಮ ಶಾಲೆಗಳ ಎಷ್ಟೋ ಹುಡುಗರು ಮುಂದೆ ಕಾರ್ಖಾನೆಗಳಿಗೂ ಮೋಟಾರು ದುರಸ್ತಿಯ ಅಂಗಡಿಗಳಿಗೂ ಹೋಗುವವರು. ಅಲ್ಲಿ ಕಾರಿನ ಚಕ್ರದ ನಟ್ಟನ್ನು ಎಷ್ಟು ಬಿಗಿಯಬೇಕೆಂಬುದನ್ನು ತಯಾರಕರು ನ್ಯೂಟನ್ನಿನಲ್ಲಿ ಹೇಳುವುದಿಲ್ಲ, ನ್ಯೂಟನ್-ಮೀಟರಿನಲ್ಲಿ ಹೇಳುವರು. ಸಾಮಾನ್ಯ ಕಾರುಗಳಿಗೆ ಅದು ನೂರರ ಆಸುಪಾಸಿನಲ್ಲಿರುವುದು. ಸಣ್ಣ ಬೋಲ್ಟುಗಳಿಗೆ ಹತ್ತಿಪ್ಪತ್ತೇ ಸಾಕು. ೨೦ ಸೆಂಟಿಮೀಟರಿನ ಪಾನಾದ ತುದಿಯಲ್ಲಿ ೧೦೦ ನ್ಯೂಟನ್ ಹಾಕಿದರೆ ೨೦ ಬಂತು. ತುಕ್ಕು ಹಿಡಿದ ಬೋಲ್ಟು ಜಗ್ಗದಾಗ ಪಾನಾಕ್ಕೆ ಕೊಳವೆ ತೊಡಿಸಿ ಅದನ್ನು ೬೦ ಸೆಂಟಿಮೀಟರು ಮಾಡುವುದು ಎಲ್ಲ ಅಂಗಡಿಗಳಲ್ಲಿಯೂ ಇರುವ ಉಪಾಯ. ಅದೇ ಕೈ, ಅದೇ ೧೦೦ ನ್ಯೂಟನ್. ಬೋಲ್ಟಿನ ಮೇಲೆ ಬಿದ್ದ ಟಾರ್ಕ್ ೬೦. ‘ನಾನು ಹೆಚ್ಚು ಬಲ ಹಾಕಲೇ ಇಲ್ಲ’ ಎಂದು ಹುಡುಗನು ಪ್ರಮಾಣ ಮಾಡಿ ಹೇಳುವನು, ಅದು ನಿಜವೂ ಹೌದು; ಬೋಲ್ಟಿನ ತಲೆ ಮಾತ್ರ ಮುರಿದು ಕೈಗೆ ಬಂದಿರುವುದು. ಬಿಗಿಯುವಾಗ ಹೀಗೆ ಮಾಡಿ, ಅರೆಮುರಿದ ಬೋಲ್ಟು ಗಾಡಿಯಲ್ಲಿಯೇ ಉಳಿದುಹೋದರೆ ಅದರ ಫಲವನ್ನು ಅನುಭವಿಸುವವರು ಬೇರೆ ಯಾರೋ.

ನ್ಯೂಟನ್-ಮೀಟರು ಎಂದೊಡನೆ ಇನ್ನೊಂದು ಮಾತು. ಕೆಲಸದ ಮಾನವಾದ ಜೂಲ್ ಕೂಡ ಒಂದು ನ್ಯೂಟನ್ನನ್ನು ಒಂದು ಮೀಟರಿನಿಂದ ಗುಣಿಸಿದ್ದೇ. ಹಾಗೆಂದು ಟಾರ್ಕನ್ನು ಜೂಲಿನಲ್ಲಿ ಬರೆಯಕೂಡದೆಂದು ಅಂತರರಾಷ್ಟ್ರೀಯ ಮಾನಪದ್ಧತಿಯವರ ಕಟ್ಟಳೆಯಿದೆ. ಕೆಲಸದಲ್ಲಿ ದೂರವನ್ನು ಬಲದ ದಿಕ್ಕಿನಲ್ಲಿ ಅಳೆಯುವೆವು, ಟಾರ್ಕಿನಲ್ಲಿ ಬಲಕ್ಕೆ ಅಡ್ಡವಾಗಿ. ಒಂದು ನ್ಯೂಟನ್-ಮೀಟರು ಟಾರ್ಕ್ ಒಂದು ವಸ್ತುವನ್ನು ಒಂದು ರೇಡಿಯನ್ ಕೋನದಷ್ಟು ತಿರುಗಿಸಿದಾಗಲೇ ಒಂದು ಜೂಲ್ ಕೆಲಸವಾಗುವುದು. ಜಗ್ಗದ ಬೋಲ್ಟಿನ ಮೇಲೆ ದಿನವಿಡೀ ನೇತಾಡಿದರೂ ಟಾರ್ಕ್ ಉಂಟು, ಕೆಲಸವಿಲ್ಲ.

ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಟಾರ್ಕಿನ ಲೆಕ್ಕದಲ್ಲಿ ಉತ್ತರದ ಸಂಖ್ಯೆ ಸರಿಯಿದ್ದರೂ, ಯಾವ ಬಿಂದುವಿನ ಸುತ್ತ ಎಂದು ವಿದ್ಯಾರ್ಥಿ ಬರೆಯದಿದ್ದರೆ ಅರ್ಧ ಅಂಕವನ್ನು ನಿರ್ದಾಕ್ಷಿಣ್ಯವಾಗಿ ಕಳೆಯಬೇಕು. ಯುಗ್ಮದ ಲೆಕ್ಕವಾಗಿದ್ದರೆ, ಅಲ್ಲಿ ಬಿಂದು ಏಕೆ ಬೇಕಿಲ್ಲವೆಂದು ಬರೆದವನಿಗೆ ಆ ಅರ್ಧವನ್ನು ಹೆಚ್ಚಾಗಿ ಕೊಡಲಿ. ವಿದ್ಯಾರ್ಥಿಗಳು ನನ್ನ ಮೇಲೆ ಸಿಟ್ಟಾಗುವರೆಂದು ಬಲ್ಲೆ. ಅವರು ಮೊದಲು ತಕ್ಕಡಿಯ ಅಂಗಡಿಯಿಂದ ಒಂದು ಸ್ಪ್ರಿಂಗ್ ತಕ್ಕಡಿಯನ್ನು ಎರವಲು ತಂದು, ಅದರ ಕೊಕ್ಕೆಯನ್ನು ತರಗತಿಯ ಬಾಗಿಲಿಗೆ ಒಮ್ಮೆ ಹಿಡಿಕೆಯ ಬಳಿ, ಒಮ್ಮೆ ನಡುವೆ, ಒಮ್ಮೆ ಬಿಜಾಗರಿಯ ಸಮೀಪ ಸಿಕ್ಕಿಸಿ ಮೆಲ್ಲಗೆ ಎಳೆಯಲಿ. ಮೂರು ಸಲವೂ ಮುಳ್ಳು ತೋರಿಸಿದ್ದನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ದೂರವನ್ನೂ ಬರೆದು ಗುಣಿಸಿ ನೋಡಲಿ. ಸಿಟ್ಟಿನ ಮಾತನ್ನು ಅನಂತರ ಆಡೋಣ.